ಚಾರ್ಜರ್‌ಗೆ ವಾರಸುದಾರರು ಯಾರು?

ಲಾಂಗ್ ಬೀಚ್ ಬಂದರಿನ 'ಪಿಯರ್ ಎ' ಕಡೆಗೆ ಹೋದರೆ ಸಾಲಾಗಿ ನಿಂತ ದೈತ್ಯ ಟ್ರಕ್‌ಗಳು ಕಾಣುತ್ತವೆ. ಎಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ಒಂದೊಂದರ ಮೈಗೂ ತೋಳಿನಷ್ಟು ದಪ್ಪದ ಕೇಬಲ್ ಸಿಕ್ಕಿಸಿರುತ್ತದೆ. ವಾಟ್‌ಇವಿ ಎಂಬ ಕಂಪನಿ 2023ರ ಜುಲೈನಲ್ಲಿ ತೆರೆದ ಈ ನಿಲ್ದಾಣದ ಸಾಮರ್ಥ್ಯ 5 ಮೆಗಾವಾಟ್. ಏಕಕಾಲಕ್ಕೆ 26 ಟ್ರಕ್‌ಗಳು ಇಲ್ಲಿ ಚಾರ್ಜ್ ಆಗಬಲ್ಲವು. ಮರುವರ್ಷ ಇದೇ ಬಂದರಿನಲ್ಲಿ ಫೋರಂ ಮೊಬಿಲಿಟಿ ಎಂಬ ಇನ್ನೊಂದು ಕಂಪನಿ 44 ಟ್ರಕ್‌ಗಳಿಗಾಗಿ 9 ಮೆಗಾವಾಟ್‌ನ ನಿಲ್ದಾಣ ಕಟ್ಟಿತು.

ಲಾಂಗ್ ಬೀಚ್ ಮತ್ತು ಲಾಸ್ ಏಂಜಲೀಸ್ ಬಂದರುಗಳು ಸ್ಯಾನ್ ಪೆಡ್ರೊ ಕೊಲ್ಲಿಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಅಮೆರಿಕಕ್ಕೆ ಹಡಗಿನಲ್ಲಿ ಬರುವ ಕಂಟೇನರ್‌ಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಇಳಿಯುವುದು ಈ ಎರಡರಲ್ಲೇ. ಆ ಕಂಟೇನರ್‌ಗಳನ್ನು ಗೋದಾಮುಗಳಿಗೆ ಎಳೆಯುವ ಟ್ರಕ್‌ಗಳ ಹೊಗೆ ಕುಡಿದು ಬದುಕಿದವರು 710ನೇ ಹೆದ್ದಾರಿಯ ಅಕ್ಕಪಕ್ಕದ ಬಡವರು; ಆ ಪ್ರದೇಶಕ್ಕೆ 'ಡೀಸೆಲ್ ಡೆತ್ ಝೋನ್' ಎಂಬ ಅಡ್ಡಹೆಸರೇ ಬಿದ್ದಿದೆ. 2035ರೊಳಗೆ ಬಂದರಿನ ಟ್ರಕ್‌ಗಳೆಲ್ಲ ಹೊಗೆರಹಿತವಾಗಬೇಕು ಎಂದು ಎರಡೂ ಬಂದರುಗಳು 2017ರಲ್ಲಿ ಗುರಿ ಇಟ್ಟುಕೊಂಡವು. ಗುರಿ ಒಳ್ಳೆಯದೇ, ತಕರಾರಿಲ್ಲ. ಆದರೆ ಡೀಸೆಲ್ ಟ್ಯಾಂಕಿಗೆ ಪಾಸ್‌ವರ್ಡ್ ಇರಲಿಲ್ಲ. ಪಂಪ್ ಕೆಟ್ಟರೆ ಪಕ್ಕದ ಬಂಕಿಗೆ ಹೋದರಾಯಿತು. ಚಾರ್ಜರ್ ಹಾಗಲ್ಲ. ದೂರದಲ್ಲೆಲ್ಲೋ ಇರುವ ಸರ್ವರ್ 'ಹೂಂ' ಎನ್ನುವವರೆಗೆ ಅದು ಕರೆಂಟ್ ಕೊಡುವುದಿಲ್ಲ. ಆ 'ಹೂಂ' ಬೇರೆ ಯಾರದೋ ಬಾಯಿಂದ ಬಂದರೆ?

ಸೈಬರ್ ದಾಳಿಗೆ ಹಡಗುಕಟ್ಟೆಯೇ ಸ್ತಬ್ಧವಾಗುವುದನ್ನು ಈ ಕರಾವಳಿ ಕಣ್ಣಾರೆ ಕಂಡಿದೆ. 2017ರ ಜೂನ್ 27ರಂದು 'ನಾಟ್‌ಪೆಟ್ಯಾ' ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಹರಡಿದಾಗ ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರ್‌ಗಳು ಸತ್ತುಬಿದ್ದವು. ಲಾಸ್ ಏಂಜಲೀಸ್ ಬಂದರಿನಲ್ಲಿ ಅದೇ ಕಂಪನಿ ನಡೆಸುವ ವಿಶಾಲವಾದ 'ಪಿಯರ್ 400' ಟರ್ಮಿನಲ್ ದಿನಗಟ್ಟಲೆ ಬಾಗಿಲು ಹಾಕಿಕೊಂಡಿತು. ಮೇರ್ಸ್ಕ್‌ಗೆ ಆದ ನಷ್ಟ 20ರಿಂದ 30 ಕೋಟಿ ಡಾಲರ್. ಮಾಲ್‌ವೇರ್ ಒಳನುಗ್ಗಿದ ದಾರಿಯನ್ನು ಗಮನಿಸಬೇಕು: ಉಕ್ರೇನಿನಲ್ಲಿ ತೆರಿಗೆ ಲೆಕ್ಕ ಸಲ್ಲಿಸಲು ಬಳಸುತ್ತಿದ್ದ ಒಂದು ತಂತ್ರಾಂಶದ ಅಧಿಕೃತ ಅಪ್‌ಡೇಟ್‌ನಲ್ಲೇ ಅದು ಬಂದಿತ್ತು. ಮರುವರ್ಷ ಜುಲೈನಲ್ಲಿ ಚೀನಾದ ಕಾಸ್ಕೊ ಹಡಗು ಕಂಪನಿಯ ಅಮೆರಿಕ ವಿಭಾಗದ ಮೇಲೆ ದಾಳಿಯಾಗಿ, ಲಾಂಗ್ ಬೀಚ್‌ನ ಅದರ ಕಚೇರಿಯೂ ತೊಂದರೆಗೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಸ್ಯಾನ್ ಡಿಯಾಗೊ ಬಂದರಿನ ಸರದಿ. ಅಲ್ಲಿನ ಕಂಪ್ಯೂಟರ್‌ಗಳನ್ನು ಒತ್ತೆ ಇಟ್ಟುಕೊಂಡು ಬಿಟ್‌ಕಾಯಿನ್ ಕೇಳಿದರು. ಎರಡೇ ತಿಂಗಳಲ್ಲಿ ಇಬ್ಬರು ಇರಾನಿಯರ ಮೇಲೆ ಅಮೆರಿಕ ಆರೋಪಪಟ್ಟಿ ಹಾಕಿತು. 2023ರ ನವೆಂಬರಿನಲ್ಲಿ ಲಾಂಗ್ ಬೀಚ್ ನಗರಾಡಳಿತದ ಜಾಲಕ್ಕೇ ಕನ್ನ ಬಿತ್ತು. ನಗರ ತನ್ನ ವ್ಯವಸ್ಥೆಗಳನ್ನೆಲ್ಲ ಕಳಚಿಟ್ಟು ಸ್ಥಳೀಯ ತುರ್ತುಪರಿಸ್ಥಿತಿ ಸಾರಬೇಕಾಯಿತು.

ಇವುಗಳಲ್ಲಿ ಒಂದೂ ಚಾರ್ಜರ್‌ನಿಂದ ಶುರುವಾದದ್ದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ವಿಷಯದ ಮೇಲೆ ಬರುವ ಬರಹಗಳಲ್ಲಿ ಹೆದರಿಸುವ ಚಪಲ ಜಾಸ್ತಿ. ನನ್ನ ಆತಂಕ ಬೇರೆ. ಮೇಲಿನ ಘಟನೆಗಳಲ್ಲಿ ರಿಪೇರಿಗೆ ಒಬ್ಬ ಯಜಮಾನನಾದರೂ ಇದ್ದ: ಮೇರ್ಸ್ಕ್ ಇತ್ತು, ಬಂದರು ಮಂಡಳಿ ಇತ್ತು, ನಗರಸಭೆ ಇತ್ತು. ಚಾರ್ಜರ್ ವಿಷಯದಲ್ಲಿ ಆ ಯಜಮಾನ ಯಾರು ಎಂದು ಹುಡುಕಿಕೊಂಡು ಹೋದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಮಗಳ ಬಾಣಂತನಕ್ಕೆಂದು ಇರ್ವೈನ್‌ಗೋ ಸ್ಯಾನ್ ಡಿಯಾಗೊಗೋ ಹೋಗಿ ಆರು ತಿಂಗಳು ಇದ್ದು ಬಂದ ತಾಯಂದಿರು ಗ್ಯಾರೇಜಿನ ಗೋಡೆಯ ಮೇಲೆ ಆ ಡಬ್ಬಿಯನ್ನು ನೋಡಿರುತ್ತಾರೆ. ಅದೇನೆಂದು ಕೇಳಿದರೆ 'ಕಾರಿಗೆ ಕರೆಂಟ್ ಹಾಕೋ ಪ್ಲಗ್ಗು ಅಮ್ಮಾ' ಎಂದು ಅಳಿಯ ಹೇಳಿರುತ್ತಾನೆ. ಅದು ಬರೀ ಪ್ಲಗ್ ಅಲ್ಲ. ಒಳಗೊಂದು ಪುಟ್ಟ ಕಂಪ್ಯೂಟರ್ ಇದೆ, ವೈಫೈ ಇದೆ, ಬ್ಲೂಟೂತ್ ಇದೆ. ಅದು ಕಾರಿನ ಜತೆ ಮಾತಾಡುತ್ತದೆ, ಫೋನಿನ ಆ್ಯಪ್ ಜತೆ ಮಾತಾಡುತ್ತದೆ, ತಯಾರಿಸಿದ ಕಂಪನಿಯ ಸರ್ವರ್ ಜತೆ ಮಾತಾಡುತ್ತದೆ. ಆ ಸರ್ವರ್ ಕೆಲವು ಕಡೆ ವಿದ್ಯುತ್ ಕಂಪನಿಯೊಂದಿಗೂ ಮಾತಾಡುತ್ತದೆ, ದರ ಕಡಿಮೆ ಇರುವ ಹೊತ್ತಿಗೆ ಚಾರ್ಜ್ ಮಾಡಲಿ ಎಂದು. ಬೀದಿಬದಿಯ ಸಾರ್ವಜನಿಕ ಚಾರ್ಜರ್ ಆದರೆ ಕಾರ್ಡು, ಬ್ಯಾಂಕು, ಬಿಲ್ಲಿನ ಲೆಕ್ಕವೂ ಸೇರಿಕೊಳ್ಳುತ್ತದೆ. ಇಷ್ಟು ಸಂಭಾಷಣೆಗಳಲ್ಲಿ ಯಾವುದನ್ನು ಬೇಕಾದರೂ ಕದ್ದು ಕೇಳಬಹುದು, ಕೆಡಿಸಬಹುದು, ಇಲ್ಲವೇ ನಡುವೆ ಬಾಯಿ ಹಾಕಬಹುದು.

ಕಾರು ಮತ್ತು ಚಾರ್ಜರ್ ನಡುವಿನ ಮಾತಿನಿಂದಲೇ ಶುರು ಮಾಡೋಣ. ಈ ಕಥೆಗೂ ಸ್ಯಾನ್ ಡಿಯಾಗೊಗೂ ಹಳೆಯ ನಂಟಿದೆ. ಇಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010 ಮತ್ತು 2011ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು, ಮಾಮೂಲಿ ಕಾರೊಂದರ ಕಂಪ್ಯೂಟರ್‌ಗಳನ್ನು ವಶಕ್ಕೆ ಪಡೆದು ಬ್ರೇಕನ್ನೇ ನಿಷ್ಕ್ರಿಯಗೊಳಿಸಬಹುದೆಂದು, ಅದನ್ನು ಮುಟ್ಟದೆ ದೂರದಿಂದಲೂ ಮಾಡಬಹುದೆಂದು ತೋರಿಸಿದವು. ಹಾಡಿನ ಸಿ.ಡಿ., ಬ್ಲೂಟೂತ್, ಕಾರಿನೊಳಗಿನ ಮೊಬೈಲ್ ಮೋಡೆಮ್‌ಗೆ ಒಂದು ಫೋನ್ ಕರೆ, ಎಲ್ಲವೂ ಒಳಹೋಗುವ ದಾರಿಗಳೇ ಆಗಿದ್ದವು. ಕಾರಿನ ಹೆಸರನ್ನು ಅವರು ಮುಚ್ಚಿಟ್ಟರು. ಅದು 2009ರ ಷೆವಿ ಇಂಪಾಲಾ ಎಂದೂ, ಜನರಲ್ ಮೋಟಾರ್ಸ್‌ಗೆ ಆ ಬಿರುಕನ್ನು ಪೂರ್ತಿ ಮುಚ್ಚಲು ಸುಮಾರು ಐದು ವರ್ಷ ಹಿಡಿಯಿತೆಂದೂ 2015ರಲ್ಲಿ ಹೊರಬಿತ್ತು. ಅಷ್ಟು ದೊಡ್ಡ ಕಂಪನಿ, ಅಷ್ಟು ಎಂಜಿನಿಯರುಗಳು, ಆದರೂ ಐದು ವರ್ಷ.

2023ರ ಫೆಬ್ರುವರಿ ಕೊನೆಗೆ ಇದೇ ಸ್ಯಾನ್ ಡಿಯಾಗೊದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸ್ವಿಟ್ಜರ್ಲೆಂಡಿನ ರಕ್ಷಣಾ ಸಂಶೋಧನಾ ಸಂಸ್ಥೆಯೊಂದಿಗೆ ಮಾಡಿದ ಪ್ರಯೋಗ ಮಂಡನೆಯಾಯಿತು. ಹೆಸರು 'ಬ್ರೋಕನ್‌ವೈರ್'. ಹೆದ್ದಾರಿ ಬದಿಯ ಡಿ.ಸಿ. ಫಾಸ್ಟ್ ಚಾರ್ಜರ್‌ಗಳಲ್ಲಿ ಬ್ಯಾಟರಿ ಎಷ್ಟು ತುಂಬಿದೆ, ಎಷ್ಟು ಕರೆಂಟ್ ಬೇಕು ಎಂಬ ಮಾಹಿತಿ ಚಾರ್ಜಿಂಗ್ ಕೇಬಲ್‌ನಲ್ಲೇ ಇರುವ ಒಂದು ತಂತಿಯ ಮೇಲೆ ಓಡಾಡುತ್ತಿರುತ್ತದೆ. ಇದಕ್ಕೆ ಆರಿಸಿಕೊಂಡ ತಂತ್ರಜ್ಞಾನ ಮೂಲತಃ ಮನೆಯೊಳಗಿನ ವಿದ್ಯುತ್ ತಂತಿಗಳಲ್ಲಿ ಇಂಟರ್ನೆಟ್ ಹರಿಸಲೆಂದು ಹುಟ್ಟಿದ್ದು. ಅದರ ಶಿಷ್ಟಾಚಾರ ಸರಳ: ತಂತಿಯಲ್ಲಿ ಬೇರೆಯವರ ದನಿ ಕೇಳಿದರೆ ಸುಮ್ಮನೆ ಕಾಯಬೇಕು. ಸಂಶೋಧಕರು ಮಾಡಿದ್ದು ಇಷ್ಟೇ. ದೂರದಲ್ಲಿ ನಿಂತು, ಆ ದನಿಯ ಪೀಠಿಕೆಯನ್ನು ಮಾತ್ರ ರೇಡಿಯೊ ಅಲೆಯಲ್ಲಿ ಪದೇಪದೇ ಕೂಗಿದರು. ಉದ್ದನೆಯ ಕೇಬಲ್ ಆಂಟೆನಾದಂತೆ ಅದನ್ನು ಹೀರಿಕೊಂಡಿತು. ಕಾರು ಕಾಯಿತು, ಚಾರ್ಜರ್ ಕಾಯಿತು, ಮಾತು ನಿಂತಿತೆಂದು ಚಾರ್ಜಿಂಗ್ ಕೂಡ ನಿಂತಿತು. ಒಂದು ವಾಟ್‌ಗೂ ಕಡಿಮೆ ಶಕ್ತಿಯಲ್ಲಿ, 47 ಮೀಟರ್ ದೂರದಿಂದ ಇದು ಸಾಧ್ಯವಾಯಿತು. ಏಳು ವಾಹನಗಳನ್ನೂ 18 ಚಾರ್ಜರ್‌ಗಳನ್ನೂ ಪರೀಕ್ಷಿಸಿದರು. ಯಾವುದೂ ತಡೆದುಕೊಳ್ಳಲಿಲ್ಲ. ರೇಡಿಯೊ ನಿಲ್ಲಿಸಿದ ಮೇಲೂ ಚಾರ್ಜಿಂಗ್ ತಾನಾಗಿ ಶುರುವಾಗುವುದಿಲ್ಲ. ಯಾರಾದರೂ ಬಂದು ಪ್ಲಗ್ ಕಿತ್ತು ಮತ್ತೆ ಹಾಕಬೇಕು.

ಕಾರಿಗೆ ಇದರಿಂದ ಹಾನಿ ಇಲ್ಲ. ಮನೆಯ ನಿಧಾನಗತಿಯ ಎ.ಸಿ. ಚಾರ್ಜರ್‌ಗೂ ಇದು ತಟ್ಟುವುದಿಲ್ಲ. ಒಂಟಿ ಕಾರಿನ ಮಾಲೀಕನಿಗೆ ಬೈದುಕೊಂಡು ಮತ್ತೆ ಪ್ಲಗ್ ಹಾಕುವಷ್ಟು ಕಿರಿಕಿರಿ, ಅಷ್ಟೆ. ಆದರೆ ರಾತ್ರಿ ಸಾಲಾಗಿ ಚಾರ್ಜಿಗೆ ಬಿಟ್ಟ ಟ್ರಕ್‌ಗಳೋ ಆಂಬುಲೆನ್ಸ್‌ಗಳೋ ಬೆಳಿಗ್ಗೆ ಖಾಲಿ ಬ್ಯಾಟರಿಯಲ್ಲಿ ನಿಂತಿದ್ದರೆ? ಬ್ರೋಕನ್‌ವೈರ್ ಕಳವಳ ಹುಟ್ಟಿಸುವುದು ಇನ್ನೊಂದು ಕಾರಣಕ್ಕೆ. ಇದು ಯಾವುದೋ ಕಂಪನಿಯ ಕೋಡಿನ ತಪ್ಪಲ್ಲ, ಒಂದು ಅಪ್‌ಡೇಟ್ ಕಳಿಸಿ ಸರಿಪಡಿಸುವಂಥದ್ದೂ ಅಲ್ಲ. ಕಾರು, ಚಾರ್ಜರ್ ಮಾತಾಡಿಕೊಳ್ಳುವ ಮಾನದಂಡದ ಒಳಗೇ ಕೂತಿರುವ ದೋಷ. ಆ ಮಾನದಂಡದಂತೆ ಮಾಡಿದ ಕಾರುಗಳು, ಚಾರ್ಜರ್‌ಗಳು ಲಕ್ಷಗಟ್ಟಲೆ ಈಗಾಗಲೇ ರಸ್ತೆಗಿಳಿದಿವೆ.

ಕಾರ್ಡಿನ ಕಥೆಯನ್ನು ಬೇಗ ಮುಗಿಸಬಹುದು. ಜರ್ಮನಿಯ ಸಂಶೋಧಕ ಮಥಿಯಾಸ್ ಡಾಲ್‌ಹೈಮರ್ 2017ರ ಡಿಸೆಂಬರಿನಲ್ಲಿ ಲೈಪ್‌ಜಿಗ್‌ನ ಹ್ಯಾಕರ್ ಸಮ್ಮೇಳನದಲ್ಲಿ ತೋರಿಸಿದ್ದು ಇದು: ಚಾರ್ಜಿಂಗ್ ಕಾರ್ಡುಗಳು ಗ್ರಾಹಕನ ಗುರುತಿಗೆ ಒಂದು ಸಂಖ್ಯೆಯನ್ನಷ್ಟೇ ಹೇಳುತ್ತವೆ, ರಹಸ್ಯವೇನೂ ಇಲ್ಲ. ಬಾಗಿಲಲ್ಲಿ ನಿಂತು ಮನೆ ನಂಬರ್ ಹೇಳಿದರೆ ಸಾಕು, ಬೀಗ ತೆಗೆಯುವ ಮನೆಯ ಹಾಗೆ. ನಿಮ್ಮ ಸಂಖ್ಯೆ ಗೊತ್ತಿದ್ದವನು ನಿಮ್ಮ ಲೆಕ್ಕದಲ್ಲಿ ಚಾರ್ಜ್ ಮಾಡಿಕೊಂಡು ಹೋಗಬಹುದು. ಚಾರ್ಜರ್ ಮತ್ತು ಸರ್ವರ್ ನಡುವಿನ ಮಾತುಕತೆಗೂ ಅಲ್ಲಿ ಬಹಳ ಕಡೆ ಗೂಢಲಿಪಿಯ ಹೊದಿಕೆ ಇರಲಿಲ್ಲ. ಈಚೆಗೆ ಯುರೋಪಿನಲ್ಲಿ ಕಳ್ಳರು ಇನ್ನೂ ಸುಲಭದ ದಾರಿ ಹಿಡಿದಿದ್ದಾರೆ. ಚಾರ್ಜರ್ ಮೇಲಿನ ಕ್ಯೂಆರ್ ಕೋಡ್ ಮೇಲೆ ತಮ್ಮದೊಂದು ಸ್ಟಿಕ್ಕರ್ ಅಂಟಿಸುತ್ತಾರೆ. ಸ್ಕ್ಯಾನ್ ಮಾಡಿದವರ ಕಾರ್ಡಿನ ವಿವರ ನೇರ ಅವರಿಗೆ. ಪೇಟೆ ಅಂಗಡಿಯ ಯುಪಿಐ ಸ್ಟಿಕ್ಕರ್ ಬದಲಾಯಿಸಿದ ಸುದ್ದಿ ಓದಿರುವ ನಮಗೆ ಇದನ್ನು ವಿವರಿಸಬೇಕಿಲ್ಲ.

ಸರ್ವರ್ ಕಡೆಯ ಉದಾಹರಣೆ ಮತ್ತೆ ಲಾಸ್ ಏಂಜಲೀಸಿಗೇ ಬರುತ್ತದೆ. ಗ್ರೀನ್‌ಲಾಟ್ಸ್ ಎಂಬುದು ಆ ನಗರದಲ್ಲಿ ನೆಲೆಯಿದ್ದ ಚಾರ್ಜಿಂಗ್ ತಂತ್ರಾಂಶ ಕಂಪನಿ. 2019ರಲ್ಲಿ ತೈಲ ದೈತ್ಯ ಶೆಲ್ ಅದನ್ನು ಕೊಂಡು 'ಶೆಲ್ ರೀಚಾರ್ಜ್' ಜಾಲಕ್ಕೆ ಸೇರಿಸಿಕೊಂಡಿತು. 2023ರಲ್ಲಿ ಅನುರಾಗ್ ಸೇನ್ ಎಂಬ ಭದ್ರತಾ ಸಂಶೋಧಕರಿಗೆ ಆ ಜಾಲದ ಡೇಟಾಬೇಸ್ ಒಂದು ಅಂತರ್ಜಾಲದಲ್ಲಿ ಬಿದ್ದಿರುವುದು ಕಂಡಿತು. ಹತ್ತಿರ ಹತ್ತಿರ ಒಂದು ಟೆರಾಬೈಟ್‌ನಷ್ಟು ದಾಖಲೆ, ಪಾಸ್‌ವರ್ಡೇ ಇಲ್ಲ. ವಾಹನಪಡೆ ನಡೆಸುವ ಗ್ರಾಹಕರ ಹೆಸರು, ಇ-ಮೇಲ್, ಫೋನ್ ಸಂಖ್ಯೆ, ವಾಹನಗಳ ಗುರುತಿನ ಸಂಖ್ಯೆ, ಖಾಸಗಿ ಮನೆಗಳಲ್ಲಿರುವ ಚಾರ್ಜರ್‌ಗಳ ಸ್ಥಳ ಎಲ್ಲವೂ ಅದರಲ್ಲಿದ್ದವು. ಇಲ್ಲಿ ಹ್ಯಾಕಿಂಗ್ ಎಂಬ ಪದವೂ ಹೆಚ್ಚಾಯಿತು, ಬಾಗಿಲೇ ಹಾಕಿರಲಿಲ್ಲ. ಸಣ್ಣ ಕಂಪನಿಯನ್ನು ದೊಡ್ಡದು ನುಂಗುವಾಗ ಗ್ರಾಹಕರ ಪಟ್ಟಿ, ಬ್ರ್ಯಾಂಡು, ಒಪ್ಪಂದಗಳನ್ನು ಎಣಿಸಿ ಎಣಿಸಿ ತೆಗೆದುಕೊಳ್ಳುತ್ತಾರೆ. ಹಳೆಯ ಸರ್ವರ್‌ಗಳನ್ನು ಅಷ್ಟೇ ನಿಗಾದಿಂದ ಎಣಿಸುತ್ತಾರೆಯೇ ಎಂಬುದು ನನ್ನ ಅನುಮಾನ.

ಕಿಡಿಗೇಡಿತನದ ಪ್ರಸಂಗಗಳೂ ಇವೆ. 2022ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಸ್ಥಳೀಯ ಆಡಳಿತದ ಚಾರ್ಜರ್‌ಗಳ ಪರದೆಯ ಮೇಲೆ ಅಶ್ಲೀಲ ಜಾಲತಾಣ ಮೂಡಿ ಜನ ಮುಜುಗರಪಟ್ಟರು. ಅದಕ್ಕೆ ಸ್ವಲ್ಪ ಮುಂಚೆ, ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ಹೊಸದರಲ್ಲಿ, ಮಾಸ್ಕೊದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುವ ಹೆದ್ದಾರಿಯ ಚಾರ್ಜರ್‌ಗಳು ಕರೆಂಟ್ ಕೊಡುವುದನ್ನು ಬಿಟ್ಟು ಪುಟಿನ್‌ರನ್ನು ಬೈಯುವ ಸಾಲುಗಳನ್ನು ಓಡಿಸತೊಡಗಿದವು. ನಕ್ಕು ಮರೆಯಬಹುದಾಗಿತ್ತು. ಆದರೆ ಆ ಚಾರ್ಜರ್‌ಗಳ ಮುಖ್ಯ ಭಾಗಗಳು ಬಂದದ್ದು ಉಕ್ರೇನಿನ ಕಂಪನಿಯಿಂದ. ತಯಾರಕರೇ ಉಳಿಸಿಕೊಂಡಿದ್ದ ಹಿಂಬಾಗಿಲಿನಿಂದ ಅವುಗಳನ್ನು ಕೆಡಿಸಲಾಯಿತು ಎಂದು ರಷ್ಯಾದ ವಿದ್ಯುತ್ ಸಂಸ್ಥೆ ದೂರಿತು. ಹಣ ಕೊಟ್ಟು ಕೊಂಡು, ತನ್ನ ನೆಲದಲ್ಲೇ ನೆಟ್ಟುಕೊಂಡ ಯಂತ್ರದ ಕೀಲಿ ಇನ್ನೊಂದು ದೇಶದಲ್ಲಿತ್ತು.

ವಿದ್ಯುತ್ ಜಾಲವೇ ಕುಸಿದರೆ ಎಂಬುದು ಎಲ್ಲಕ್ಕಿಂತ ದೊಡ್ಡ ಹೆದರಿಕೆ. ಇದಕ್ಕೆ ಸ್ಯಾನ್ ಡಿಯಾಗೊ ಜನರ ಬಳಿ ಹ್ಯಾಕರ್‌ಗಳಿಲ್ಲದ ಒಂದು ನೆನಪಿದೆ. 2011ರ ಸೆಪ್ಟೆಂಬರ್ 8ರ ಮಧ್ಯಾಹ್ನ ಅರಿಜೋನದ ಯೂಮಾ ಬಳಿಯ ಸಬ್‌ಸ್ಟೇಷನ್ನಿನಲ್ಲಿ ತಂತ್ರಜ್ಞರೊಬ್ಬರು ಕೆಟ್ಟ ಉಪಕರಣವೊಂದನ್ನು ಜಾಲದಿಂದ ಬೇರ್ಪಡಿಸುವಾಗ ಕ್ರಮ ತಪ್ಪಿತು. 500 ಕಿಲೊವೋಲ್ಟ್ ಮಾರ್ಗ ಕಡಿದುಹೋಯಿತು. ಅದು ಹೊರುತ್ತಿದ್ದ ಭಾರ ಅಕ್ಕಪಕ್ಕದ ಮಾರ್ಗಗಳ ಹೆಗಲಿಗೆ ಬಿತ್ತು, ಅವೂ ಒಂದೊಂದಾಗಿ ಕೈಚೆಲ್ಲಿದವು. ಹನ್ನೊಂದೇ ನಿಮಿಷದಲ್ಲಿ ಸ್ಯಾನ್ ಡಿಯಾಗೊ ಪೂರ್ತಿ ಕತ್ತಲು. ಅರಿಜೋನ, ಕ್ಯಾಲಿಫೋರ್ನಿಯಾ, ಮೆಕ್ಸಿಕೊ ಸೇರಿ 27 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಸ್ಯಾನ್ ಡಿಯಾಗೊಗೆ ಪೂರ್ತಿಯಾಗಿ ಮರಳಿದ್ದು ಮರುದಿನ ನಸುಕಿಗೆ.

ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸಮನಾಗಿರಬೇಕು. ಬಳಕೆ ಹಠಾತ್ತನೆ ಏರಿದರೆ ಜಾಲದ ಆವರ್ತನ ಕುಸಿಯುತ್ತದೆ, ಇಳಿದರೆ ಏರುತ್ತದೆ. ಮಿತಿ ಮೀರಿದರೆ ಜನರೇಟರ್‌ಗಳು ತಮ್ಮನ್ನು ಉಳಿಸಿಕೊಳ್ಳಲು ಜಾಲದಿಂದ ಕಳಚಿಕೊಳ್ಳುತ್ತವೆ. ಚಾರ್ಜರ್‌ಗಳು ಇಲ್ಲಿ ಮುಖ್ಯವಾಗುವುದು ಅವುಗಳ ಹಸಿವಿನಿಂದ. ಒಂದು ಮನೆಯ ಚಾರ್ಜರ್ 7 ಕಿಲೊವಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅಂಥ ಒಂದು ಲಕ್ಷ ಚಾರ್ಜರ್‌ಗಳು ಒಂದೇ ಸರ್ವರಿನ ಮಾತು ಕೇಳುತ್ತವೆ ಎಂದಾದರೆ 700 ಮೆಗಾವಾಟ್. ನಮ್ಮ ಕುಡತಿನಿಯ ಬಳ್ಳಾರಿ ಶಾಖೋತ್ಪನ್ನ ಸ್ಥಾವರದ ಮೂರನೇ ಘಟಕದ ಪೂರ್ತಿ ಸಾಮರ್ಥ್ಯ ಅದು. ಒಂದೇ ಆಜ್ಞೆಗೆ ಅಷ್ಟೂ ಆರುವುದು, ಮರುಕ್ಷಣ ಅಷ್ಟೂ ಹೊತ್ತಿಕೊಳ್ಳುವುದು ಎಂದರೆ ಜಾಲ ನಡೆಸುವವರ ಎದೆ ನಡುಗದೆ ಇರದು. ಹೀಟರ್, ಎ.ಸಿ.ಗಳಂಥ ಉಪಕರಣಗಳನ್ನು ಗುಂಪಾಗಿ ವಶಪಡಿಸಿಕೊಂಡು ಜಾಲವನ್ನು ಅಲುಗಿಸುವ ಸಾಧ್ಯತೆಯನ್ನು ಪ್ರಿನ್ಸ್‌ಟನ್ ಸಂಶೋಧಕರು 2018ರಲ್ಲೇ ಲೆಕ್ಕ ಹಾಕಿದ್ದರು. ಮರುವರ್ಷದ ಹೊತ್ತಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಸಾರ್ವಜನಿಕವಾಗಿ ಸಿಗುವ ಮಾಹಿತಿಯನ್ನಷ್ಟೇ ಇಟ್ಟುಕೊಂಡು ಮ್ಯಾನ್‌ಹ್ಯಾಟನ್‌ನ ಚಾರ್ಜರ್‌ಗಳ ಮೇಲೆ ಅಂಥದ್ದೇ ಲೆಕ್ಕ ಮಾಡಿದರು.

ಇಷ್ಟೊಂದು ಬಳಕೆಯನ್ನು ಒಂದೇ ಸಂದೇಶ ನಿಜಕ್ಕೂ ಅಲುಗಿಸಬಲ್ಲದೇ? 2022ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾ ಇದಕ್ಕೆ ತಾನೇ ಉತ್ತರ ಕೊಟ್ಟಿತು. ಬಿಸಿಗಾಳಿಯಲ್ಲಿ ಬೆಂದ ರಾಜ್ಯದ ಬೇಡಿಕೆ ಅಂದು 52,061 ಮೆಗಾವಾಟ್ ಮುಟ್ಟಿ ದಾಖಲೆಯಾಯಿತು. ಸಂಜೆ ಆರಕ್ಕೆ ಹದಿನೈದು ನಿಮಿಷವಿರುವಾಗ ಜನರ ಮೊಬೈಲುಗಳು ಒಟ್ಟಿಗೆ ಕಿರುಚಿದವು: ವಿದ್ಯುತ್ ಉಳಿಸಿ, ಇಲ್ಲದಿದ್ದರೆ ಕಡಿತ ಅನಿವಾರ್ಯ. ಕೆಲವೇ ನಿಮಿಷಗಳಲ್ಲಿ ಸುಮಾರು 2,000 ಮೆಗಾವಾಟ್ ಬೇಡಿಕೆ ಇಳಿಯಿತು, ಜಾಲ ಉಳಿಯಿತು. ಆ ವಾರವೆಲ್ಲ ಇ-ವಾಹನದವರಿಗೆ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಚಾರ್ಜ್ ಮಾಡಬೇಡಿ ಎಂಬ ಮನವಿಯೂ ಇತ್ತು. ಮನುಷ್ಯರು ಓದಿ, ಯೋಚಿಸಿ, ಎದ್ದುಹೋಗಿ ಸ್ವಿಚ್ ಆರಿಸಿದ ವೇಗ ಅದು. ಯಂತ್ರಗಳು ಯೋಚಿಸುವುದಿಲ್ಲ. ಬ್ರಿಟನ್ ಈ ಅಪಾಯಕ್ಕೆ ಹುಡುಕಿದ ಮದ್ದು ನನಗೆ ಬಹಳ ಇಷ್ಟವಾಯಿತು: ಮನೆ ಮತ್ತು ಕಚೇರಿಗಳ ಸ್ಮಾರ್ಟ್ ಚಾರ್ಜರ್‌ಗಳು ಆಜ್ಞೆ ಬಂದ ಕೂಡಲೇ ಹೊತ್ತಿಕೊಳ್ಳುವಂತಿಲ್ಲ, ಹತ್ತು ನಿಮಿಷದೊಳಗೆ ತಮಗೆ ತೋಚಿದ ಗಳಿಗೆಗೆ ಒಂದೊಂದಾಗಿ ಹೊತ್ತಿಕೊಳ್ಳಬೇಕು ಎಂದು 2021ರ ನಿಯಮಾವಳಿ ಹೇಳುತ್ತದೆ. ದುಬಾರಿ ತಂತ್ರಜ್ಞಾನವೇನೂ ಬೇಡ, ಸ್ವಲ್ಪ ಅಶಿಸ್ತು ಸಾಕು.

ಚಾರ್ಜರ್‌ಗಳಿಂದ ಇಡೀ ಅಮೆರಿಕ ಕತ್ತಲಾಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ದೊಡ್ಡ ಜಾಲಗಳಿಗೆ ಮೀಸಲು ಉತ್ಪಾದನೆ ಇರುತ್ತದೆ, ಚಾರ್ಜರ್‌ಗಳೂ ಹತ್ತಾರು ಕಂಪನಿಗಳಿಗೆ ಹಂಚಿಹೋಗಿವೆ. ಒಂದು ಬಡಾವಣೆಯ ಟ್ರಾನ್ಸ್‌ಫಾರ್ಮರ್, ಒಂದು ಬಂದರಿನ ಫೀಡರ್, ಒಂದು ಬಸ್ ಡಿಪೋ ಮಟ್ಟದಲ್ಲಿ ಮಾತ್ರ ಲೆಕ್ಕ ಬೇರೆ. ಸ್ಯಾನ್ ಡಿಯಾಗೊ ಪಕ್ಕದ ಎಲ್ ಕ್ಯಾಹೋನ್‌ನಲ್ಲಿ ಶಾಲಾ ಬಸ್ಸುಗಳು 2022ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಕ್ಯಾಹೋನ್ ವ್ಯಾಲಿ ಶಾಲಾ ಜಿಲ್ಲೆಯ ಎಂಟು ಎಲೆಕ್ಟ್ರಿಕ್ ಬಸ್ಸುಗಳು ಮಕ್ಕಳನ್ನು ಇಳಿಸಿದ ಮೇಲೆ ತಮ್ಮ ಬ್ಯಾಟರಿಯಿಂದ ಜಾಲಕ್ಕೇ ವಿದ್ಯುತ್ ವಾಪಸು ಕೊಡುತ್ತವೆ. ಸೊಗಸಾದ ಕಲ್ಪನೆ. ಬೇಸಿಗೆ ರಜೆಯಲ್ಲಿ ಸುಮ್ಮನೆ ನಿಲ್ಲುವ ಬಸ್ಸು, ಬೇಡಿಕೆ ಜಾಸ್ತಿ ಇರುವ ಬೇಸಿಗೆಯಲ್ಲೇ ಕೆಲಸಕ್ಕೆ ಬರುತ್ತದೆ. ಆದರೆ ಕರೆಂಟ್ ಎರಡೂ ದಿಕ್ಕಿಗೆ ಹರಿಯುವಾಗ ಚಾರ್ಜರ್ ಒಂದು ಪುಟ್ಟ ವಿದ್ಯುದಾಗಾರವೇ ಆಗುತ್ತದೆ. ವಿದ್ಯುದಾಗಾರಕ್ಕೆ ಕಾವಲಿರುತ್ತದೆ, ಶಾಲೆಯ ಆವರಣದ ಡಬ್ಬಿಯ ತಂತ್ರಾಂಶವನ್ನು ಹತ್ತು ವರ್ಷ ಯಾರು ಕಾಯುತ್ತಾರೆ?

ಈ ಪ್ರಶ್ನೆಗೆ ಜ್ಯೂಸ್‌ಬಾಕ್ಸ್‌ಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಕ್ಯಾಲಿಫೋರ್ನಿಯಾದ ಇಮೋಟರ್‌ವರ್ಕ್ಸ್ ಎಂಬ ಸಣ್ಣ ಕಂಪನಿ ಜನರಿಂದ ವಂತಿಗೆ ಎತ್ತಿ ತಯಾರಿಸಿದ ಮನೆ ಚಾರ್ಜರ್ ಅದು. ಬಲು ಜನಪ್ರಿಯವಾಯಿತು. 2017ರಲ್ಲಿ ಇಟಲಿಯ ವಿದ್ಯುತ್ ದೈತ್ಯ ಎನೆಲ್ ಕಂಪನಿಯನ್ನೇ ಕೊಂಡಿತು. 2024ರ ಜನವರಿಯಲ್ಲಿ ಟೋಕಿಯೊದಲ್ಲಿ 'ಪೋನ್-ಟು-ಓನ್ ಆಟೊಮೋಟಿವ್' ಎಂಬ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಕಾರು, ಚಾರ್ಜರ್‌ಗಳಲ್ಲಿ ಯಾರಿಗೂ ಗೊತ್ತಿಲ್ಲದ ದೋಷ ಹುಡುಕಿ ಎಲ್ಲರೆದುರು ಒಳನುಗ್ಗಿದವರಿಗೆ ಬಹುಮಾನ. ದೋಷದ ವಿವರ ತಯಾರಕರಿಗೆ. ಮೂರು ದಿನದಲ್ಲಿ 49 ಹೊಸ ದೋಷಗಳು, 13 ಲಕ್ಷ ಡಾಲರ್‌ಗೂ ಹೆಚ್ಚು ಬಹುಮಾನ. ಚಾರ್ಜ್‌ಪಾಯಿಂಟ್, ಆಟೆಲ್, ಎಂಪೋರಿಯಾ ಮುಂತಾದ ಹೆಸರಾಂತ ಚಾರ್ಜರ್‌ಗಳ ಜತೆಗೆ ಜ್ಯೂಸ್‌ಬಾಕ್ಸ್ ಕೂಡ ಮತ್ತೆ ಮತ್ತೆ ಸೋತಿತು. ಮರುವರ್ಷ ಟೆಸ್ಲಾದ ಗೋಡೆ ಚಾರ್ಜರ್‌ಗೆ ಫ್ರಾನ್ಸಿನ ತಂಡವೊಂದು ಅದರ ಚಾರ್ಜಿಂಗ್ ಕೇಬಲ್ ಮೂಲಕವೇ ಒಳಹೊಕ್ಕಿತು.

ದೋಷ ಸಿಕ್ಕಿದ್ದು ಸಮಸ್ಯೆಯಲ್ಲ, ಸಿಗಲೆಂದೇ ಸ್ಪರ್ಧೆ. ಜ್ಯೂಸ್‌ಬಾಕ್ಸ್‌ನ ಒಂದು ದೋಷ ಇದ್ದದ್ದು ಎನೆಲ್ ಬರೆದ ಕೋಡಿನಲ್ಲಲ್ಲ. ವೈಫೈ ಚಿಪ್ ಜತೆ ಬಂದ 'ಗೆಕ್ಕೊ ಓಎಸ್' ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಮ್‌ನಲ್ಲಿ. ಅದರ ಒಡೆಯ ಸಿಲಿಕಾನ್ ಲ್ಯಾಬ್ಸ್. ಆ ಉತ್ಪನ್ನದ ಆಯಸ್ಸು ಮುಗಿದಿದೆ, ಇನ್ನು ದುರಸ್ತಿ ಇಲ್ಲ ಎಂದು ಅದು ಹೇಳಿತು. ಗೋಡೆಯ ಮೇಲಿನ ಡಬ್ಬಿ ಹೊಸದು, ಒಳಗಿನ ಜೀವ ಹಳತು. ಇಷ್ಟಾಗಿ ಒಂದು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರ್ 11ಕ್ಕೆ, ಎನೆಲ್ ತನ್ನ ಉತ್ತರ ಅಮೆರಿಕದ ಚಾರ್ಜಿಂಗ್ ವ್ಯವಹಾರಕ್ಕೇ ಬಾಗಿಲೆಳೆಯಿತು. ಗ್ರಾಹಕರಿಗೆ ಸಿಕ್ಕ ಮುನ್ಸೂಚನೆ ಹತ್ತು ದಿನವೂ ಇರಲಿಲ್ಲ. ಮನೆಯ ಚಾರ್ಜರ್‌ಗಳು ಕರೆಂಟನ್ನೇನೋ ಕೊಡುತ್ತಲೇ ಇದ್ದವು, ಆ್ಯಪ್‌ಗೆ ಮಾತ್ರ ದಿಕ್ಕಿರಲಿಲ್ಲ. ಅಂಗಡಿ, ಕಚೇರಿಗಳಲ್ಲಿದ್ದ ವಾಣಿಜ್ಯ ಚಾರ್ಜರ್‌ಗಳ ಪಾಡು ಇನ್ನೂ ಕಷ್ಟ. ಅವು ಸರ್ವರನ್ನೇ ನಂಬಿಕೊಂಡಿದ್ದವು.

ಆಮೇಲೆ ನಡೆದದ್ದು ಈ ಇಡೀ ಕಥೆಯ ಅತಿ ವಿಚಿತ್ರ ತಿರುವು. ಜ್ಯೂಸ್‌ಬಾಕ್ಸ್ ತನ್ನ ಸರ್ವರ್ ಜತೆ ಆಡುವ ಮಾತನ್ನು ನಡುವೆ ನಿಂತು ಕೇಳುವ, ಬದಲಿಸುವ ಒಂದು ಪುಟ್ಟ ತಂತ್ರಾಂಶವನ್ನು ಹವ್ಯಾಸಿಗಳು ಮೊದಲೇ ಬರೆದಿಟ್ಟಿದ್ದರು, ತಮ್ಮ ಮನೆಯ ಯಂತ್ರದ ಲೆಕ್ಕ ತಾವೇ ನೋಡಿಕೊಳ್ಳಲಿಕ್ಕೆ. ಸರ್ವರ್ ಇಲ್ಲವಾಗುವ ಸುದ್ದಿ ಬಂದಾಗ ಅನಾಥ ಚಾರ್ಜರ್‌ಗಳ ಮಾಲೀಕರು ಅದನ್ನೇ ಹಿಡಿದುಕೊಂಡರು. ಮನೆಯೊಳಗಿನ ಕಂಪ್ಯೂಟರೇ ಕಂಪನಿಯ ಸರ್ವರ್ ಎಂದು ಚಾರ್ಜರನ್ನು ನಂಬಿಸಿ ಬದುಕಿಸಿಕೊಂಡರು. ಸಂವಹನಕ್ಕೆ ಗಟ್ಟಿ ಬೀಗ ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು! ಭದ್ರತಾ ತಜ್ಞರು ಯಾವುದನ್ನು ದೋಷ ಎನ್ನುತ್ತಾರೋ ಅದೇ ಮಾಲೀಕರ ಕೈಯಲ್ಲಿ ಹಕ್ಕಾಯಿತು. ಆದ್ದರಿಂದ 'ಇನ್ನೂ ಗಟ್ಟಿ ಬೀಗ ಹಾಕಿ' ಎಂಬ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬೀಗ ಬೇಕು, ಕಂಪನಿ ಮುಳುಗುವ ದಿನ ಅದರ ಕೀಲಿ ಮನೆಯವರ ಕೈಗೆ ಬರುವ ಏರ್ಪಾಡೂ ಬೇಕು.

ಕಾನೂನು ಸುಮ್ಮನೆ ಕೂತಿಲ್ಲ. ಅಂತರ್ಜಾಲಕ್ಕೆ ಜೋಡಿಸುವ ಪ್ರತಿ ಸಾಧನಕ್ಕೂ ಕನಿಷ್ಠ ಭದ್ರತೆ ಇರಬೇಕು, ಎಲ್ಲ ಯಂತ್ರಕ್ಕೂ ಒಂದೇ ಪಾಸ್‌ವರ್ಡ್ ಕೊಟ್ಟು ಮಾರಕೂಡದು ಎಂಬ ಕ್ಯಾಲಿಫೋರ್ನಿಯಾ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಕೇಂದ್ರದ ಹಣದಲ್ಲಿ ನೆಡುವ ಹೆದ್ದಾರಿ ಚಾರ್ಜರ್‌ಗಳಿಗೆ 2023ರಲ್ಲಿ ಅಮೆರಿಕ ಸರ್ಕಾರ ಮಾಡಿದ ನಿಯಮ ಸೈಬರ್ ಭದ್ರತೆಯ ಯೋಜನೆಯನ್ನು ಕೇಳುತ್ತದೆ. ಚಾರ್ಜರ್ ಮತ್ತು ಸರ್ವರ್ ನಡುವಿನ ಭಾಷೆಯಾದ 'ಒಸಿಪಿಪಿ'ಯ ಹೊಸ ಆವೃತ್ತಿ 2.0.1 ಇರಬೇಕು ಎನ್ನುತ್ತದೆ. 2015ರ 1.6ನೇ ಆವೃತ್ತಿ ಹೊರಟಾಗ ಅದರಲ್ಲಿ ಭದ್ರತೆ ಐಚ್ಛಿಕವಾಗಿತ್ತು. ಹೊಸದರಲ್ಲಿ ಅದು ಹುಟ್ಟಿನಿಂದಲೇ ಇದೆ. ಆದರೆ ಕ್ಯಾಲಿಫೋರ್ನಿಯಾದಲ್ಲಿ 2025ರ ಮಾರ್ಚ್ ಹೊತ್ತಿಗೆ ಸಾರ್ವಜನಿಕ ಮತ್ತು ಹಂಚಿಕೆಯ ಚಾರ್ಜರ್‌ಗಳೇ 1,78,000 ದಾಟಿದ್ದವು, ಪೆಟ್ರೋಲ್ ನಳಿಕೆಗಳಿಗಿಂತ ಹೆಚ್ಚು. ಮನೆಗಳಲ್ಲಿನವು ಬೇರೆ. ಈಗಾಗಲೇ ಗೋಡೆಗೆ ಹೊಡೆದಿರುವ ಹಳೆಯವನ್ನು ಹೊಸ ನಿಯಮ ಕಿತ್ತು ಹಾಕುವುದಿಲ್ಲ.

ನಮ್ಮ ಕಡೆ ಬರೋಣ. ಇ-ವಾಹನ ನೀತಿಯನ್ನು ದೇಶದಲ್ಲೇ ಮೊದಲು, 2017ರಲ್ಲಿ, ತಂದದ್ದು ಕರ್ನಾಟಕ. 2024ರ ಕೊನೆಯ ಹೊತ್ತಿಗೆ ರಾಜ್ಯದಲ್ಲಿ 5,700ಕ್ಕೂ ಹೆಚ್ಚು ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿದ್ದವು. ದೇಶದಲ್ಲಿ ಅತಿ ಹೆಚ್ಚು. ಬಹುಪಾಲು ಬೆಂಗಳೂರು ನಗರ ಜಿಲ್ಲೆಯಲ್ಲೇ. ಭಾರತದ ಆರಂಭದ ಸರ್ಕಾರಿ ಚಾರ್ಜರ್ ವಿನ್ಯಾಸಗಳಿಗೆ ಗೊತ್ತುಮಾಡಿದ ಭಾಷೆ ಒಸಿಪಿಪಿ 1.5 ಅಥವಾ ಮೇಲಿನದು, ಅಂದರೆ ಅಮೆರಿಕ ಹಳತೆಂದು ಬಿಟ್ಟದ್ದಕ್ಕಿಂತ ಹಳತು. ಚಾರ್ಜಿಂಗ್ ಕೇಂದ್ರಗಳಿಗೆ ಸಂಬಂಧಿಸಿದ ಉತ್ಪನ್ನ ಮತ್ತು ಆ್ಯಪ್‌ಗಳಲ್ಲಿ ದೋಷಗಳಿರುವ ವರದಿಗಳು ರಾಷ್ಟ್ರೀಯ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್‌ಗೆ ಬಂದಿವೆ ಎಂದು ಸಚಿವ ನಿತಿನ್ ಗಡ್ಕರಿ 2023ರ ಮಾರ್ಚ್‌ನಲ್ಲೇ ಲೋಕಸಭೆಗೆ ತಿಳಿಸಿದ್ದರು. 2012ರ ಜುಲೈನಲ್ಲಿ ಉತ್ತರ ಭಾರತವೆಲ್ಲ ಕತ್ತಲಾದಾಗ ನಾವು ಪಾರಾದೆವು, ದಕ್ಷಿಣದ ಜಾಲ ಆಗ ಉಳಿದ ಜಾಲದೊಂದಿಗೆ ಒಂದೇ ಲಯದಲ್ಲಿ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಅದನ್ನು ಜೋಡಿಸಿತು. ಈಗ ಒಂದೇ ದೇಶ, ಒಂದೇ ಆವರ್ತನ.

ಕಂಪನಿ ಮುಚ್ಚುವುದೂ ನಮಗೆ ಹೊಸದಲ್ಲ. ಬೆಂಗಳೂರಿನಲ್ಲೂ ಓಡುತ್ತಿದ್ದ ಎಲೆಕ್ಟ್ರಿಕ್ ಟ್ಯಾಕ್ಸಿ ಸೇವೆ ಬ್ಲೂಸ್ಮಾರ್ಟ್ 2025ರ ಏಪ್ರಿಲ್‌ನಲ್ಲಿ ದಿಢೀರನೆ ನಿಂತಾಗ ಚಾಲಕರ ಗೋಳು ಸುದ್ದಿಯಾಯಿತು, ಆಗಲೇಬೇಕಿತ್ತು. ಅದರ ಚಾರ್ಜಿಂಗ್ ಹಬ್‌ಗಳ ತಂತ್ರಾಂಶಕ್ಕೆ ಇನ್ನು ಯಾರು ದಿಕ್ಕು ಎಂದು ಯಾರೂ ಕೇಳಿದಂತೆ ಕಾಣಲಿಲ್ಲ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್ ಸಂಘಗಳು ಈಗ ನೆಲಮಾಳಿಗೆಯಲ್ಲಿ ಚಾರ್ಜರ್ ಹಾಕಿಸಲು ಕೊಟೇಶನ್ ತರಿಸಿಕೊಳ್ಳುತ್ತಿವೆ. ಸಭೆಯಲ್ಲಿ ಜಗಳವಾಗುವುದು ಯೂನಿಟ್ ದರ, ಬೆಂಕಿಯ ಭಯ, ಪಾರ್ಕಿಂಗ್ ಜಾಗದ ಬಗ್ಗೆ. ಆ ಕೊಟೇಶನ್ನಿಗೆ ಇನ್ನೆರಡು ಸಾಲು ಸೇರಿಸಿ ಕೇಳಲು ಖರ್ಚಿಲ್ಲ: ಫರ್ಮ್‌ವೇರ್ ಅಪ್‌ಡೇಟನ್ನು ಎಷ್ಟು ವರ್ಷ, ಯಾರು ಕೊಡುತ್ತೀರಿ? ನಿಮ್ಮ ಸರ್ವರ್ ನಿಂತುಹೋದರೆ ಈ ಚಾರ್ಜರನ್ನು ಇನ್ನೊಂದು ಕಂಪನಿಯ ಸರ್ವರ್‌ಗೆ ಜೋಡಿಸಿಕೊಳ್ಳಲು ನಮಗೆ ಪಾಸ್‌ವರ್ಡ್ ಕೊಡುತ್ತೀರಾ? ಮಾರಲು ಬಂದವನು ಎರಡನೇ ಪ್ರಶ್ನೆಗೆ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರೆ, ಅವರು ಬರಹದಲ್ಲಿ ಉತ್ತರ ಕೊಡುವವರೆಗೆ ಮುಂಗಡ ಕೊಡುವುದು ಬೇಡ.